ಮೊದಲ ಆಲ್-ಗ್ರೇನ್ ಬಿಯರ್: ಚೀಲವೋ, ಐಸ್ ಬಾಕ್ಸೋ, ಯಂತ್ರವೋ?

ಡಬ್ಬಿಯಲ್ಲಿ ಬರುವ ಮಾಲ್ಟ್ ಸಾರವನ್ನು ನೀರಿಗೆ ಬೆರೆಸಿ, ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂಗಳನ್ನು ಹಾಕಿ ಕುದಿಸಿ ಬಿಯರ್ ಮಾಡಿ ಕೈ ಪಳಗಿದವರಿಗೆ ಒಂದಲ್ಲ ಒಂದು ದಿನ ಧಾನ್ಯದಿಂದಲೇ, ಅಂದರೆ ಆಲ್-ಗ್ರೇನ್ ಕ್ರಮದಲ್ಲಿ, ಆರಂಭಿಸಬೇಕೆಂಬ ಆಸೆ ಹುಟ್ಟುತ್ತದೆ. ಸಾರದ ಬಿಯರಿಗೂ ಧಾನ್ಯದ ಬಿಯರಿಗೂ ಇರುವ ವ್ಯತ್ಯಾಸ ಒಂದೇ ಒಂದು ಕೆಲಸದ್ದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ನುಚ್ಚು ಮಾಡಿ, ಹದವಾದ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಅದರೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸಿ, ಆ ಸಿಹಿನೀರನ್ನು ಬಸಿದುಕೊಳ್ಳಬೇಕು. ನೆನೆಸುವ ಕೆಲಸಕ್ಕೆ ಮ್ಯಾಶಿಂಗ್ ಎಂದೂ, ಬಸಿದ ಸಿಹಿನೀರಿಗೆ ವರ್ಟ್ ಎಂದೂ ಹೆಸರು. ಅಲ್ಲಿಂದ ಮುಂದಿನ ಕುದಿಸುವುದು, ತಣಿಸುವುದು, ಹುದುಗಲು ಬಿಡುವುದು ಎಲ್ಲವೂ ನಿಮಗೆ ಈಗಾಗಲೇ ಗೊತ್ತಿರುವ ಕೆಲಸಗಳೇ.

ಆ ಒಂದು ಕೆಲಸಕ್ಕೆ ದಾರಿಗಳು ಮಾತ್ರ ಹಲವು. ಬಟ್ಟೆಯ ಚೀಲದಲ್ಲಿ ನೆನೆಸಬಹುದು, ನಲ್ಲಿ ಕೂರಿಸಿದ ಐಸ್ ಬಾಕ್ಸಿನಲ್ಲಿ ನೆನೆಸಬಹುದು, ಪಂಪು ಮತ್ತು ಹೀಟರ್ ಒಳಗೊಂಡ ವಿದ್ಯುತ್ ಯಂತ್ರದಲ್ಲಿ ನೆನೆಸಬಹುದು. ನೆನೆಸಿದ ಮೇಲೆ ನುಚ್ಚನ್ನು ತೊಳೆಯಬೇಕೋ ಬೇಡವೋ, ತೊಳೆಯುವುದಾದರೆ ಹೇಗೆ, ಶಾಖವನ್ನು ಒಂದೇ ಮಟ್ಟದಲ್ಲಿ ಇಡಬೇಕೋ ಹಂತ ಹಂತವಾಗಿ ಏರಿಸಬೇಕೋ ಎಂಬ ಪ್ರಶ್ನೆಗಳು ಇದರ ಬೆನ್ನಿಗೇ ಬರುತ್ತವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲಕ್ಕೆ ದಾರಿಯನ್ನು ಆಯ್ದುಕೊಳ್ಳಬೇಕಾದದ್ದು ಯಾವುದರಲ್ಲಿ ಹೆಚ್ಚು ಸಕ್ಕರೆ ಸಿಗುತ್ತದೆ ಎಂಬುದನ್ನು ನೋಡಿ ಅಲ್ಲ. ಎಷ್ಟು ಭಾರದ ಬಿಸಿ ವಸ್ತುವನ್ನು ನೀವು ನಿರಾತಂಕವಾಗಿ ಎತ್ತಬಲ್ಲಿರಿ, ಎಷ್ಟು ನೀರನ್ನು ಕಾಯಿಸಬಲ್ಲಿರಿ, ಆ ಶಾಖವನ್ನು ಒಂದು ಗಂಟೆ ಹೇಗೆ ಕಾಪಾಡಬಲ್ಲಿರಿ ಎಂಬುದನ್ನು ನೋಡಿ. ಮನೆಯಲ್ಲಿ ಬಿಯರ್ ತಯಾರಿಕೆಗೆ ಎಲ್ಲೆಡೆಯೂ ಕಾನೂನಿನ ಅನುಮತಿ ಇಲ್ಲವಾದ್ದರಿಂದ, ಪಾತ್ರೆ ಕೊಳ್ಳುವ ಮುನ್ನ ನೀವಿರುವ ಕಡೆಯ ನಿಯಮವನ್ನು ತಿಳಿದುಕೊಳ್ಳುವುದು ಅಗತ್ಯ.

ನುಚ್ಚಿನೊಳಗೆ ನಡೆಯುವುದೇನು

ಆಯ್ಕೆಗಳನ್ನು ತೂಗಿ ನೋಡಬೇಕಾದರೆ ಒಳಗೆ ಏನು ನಡೆಯುತ್ತದೆ ಎಂಬುದರ ಅರಿವು ಸ್ವಲ್ಪವಾದರೂ ಇರಬೇಕು. ಪಿಷ್ಟವೆಂದರೆ ಗ್ಲೂಕೋಸಿನ ಮಣಿಗಳನ್ನು ಪೋಣಿಸಿದ ಉದ್ದನೆಯ, ಕವಲೊಡೆದ ಸರವಿದ್ದಂತೆ. ಯೀಸ್ಟಿಗೆ ಇಡೀ ಸರವನ್ನು ನುಂಗಲಾಗದು. ಒಂದು, ಎರಡು, ಹೆಚ್ಚೆಂದರೆ ಮೂರು ಮಣಿಗಳ ತುಂಡು ಬೇಕು. ಮೊಳಕೆಯೊಡೆಯುವಾಗ ಬಾರ್ಲಿಯು ಈ ಸರವನ್ನು ಬಿಡಿಸುವ ಕಿಣ್ವಗಳನ್ನು ತಾನೇ ಸಿದ್ಧಪಡಿಸಿಕೊಂಡಿರುತ್ತದೆ. ಅವುಗಳಲ್ಲಿ ಬೀಟಾ ಅಮೈಲೇಸ್ ಸರದ ತುದಿಯಿಂದ ಎರಡೆರಡು ಮಣಿಗಳನ್ನು ಕ್ರಮವಾಗಿ ಬಿಡಿಸುತ್ತಾ ಹೋಗುತ್ತದೆ. ಹಾಗೆ ಸಿಗುವ ಜೋಡಿಯೇ ಮಾಲ್ಟೋಸ್. ಆಲ್ಫಾ ಅಮೈಲೇಸ್ ಸರವನ್ನು ನಡುವೆ ಎಲ್ಲೆಂದರಲ್ಲಿ ಕತ್ತರಿಸಿ ಸಣ್ಣ ದೊಡ್ಡ ತುಂಡುಗಳನ್ನು ಮಾಡುತ್ತದೆ. ಬೀಟಾ ಅಮೈಲೇಸಿಗೆ 65 ಡಿಗ್ರಿ ಸೆಲ್ಸಿಯಸಿನ ಒಳಗಿನ ಶಾಖ ಹಿತ. ಅದನ್ನು ದಾಟಿದಷ್ಟೂ ಬೇಗ ಸಾಯುತ್ತದೆ. ಆಲ್ಫಾ ಅಮೈಲೇಸಿಗೆ 70 ಡಿಗ್ರಿಯ ಆಸುಪಾಸು ಹಿತ. ಆದ್ದರಿಂದ 64 ಡಿಗ್ರಿಯಲ್ಲಿ ನೆನೆಸಿದರೆ ಯೀಸ್ಟು ತಿನ್ನಬಲ್ಲ ಸಕ್ಕರೆ ಹೆಚ್ಚಾಗಿ ಬಿಯರು ಹಗುರವೂ ಒಣ ರುಚಿಯದೂ ಆಗುತ್ತದೆ. 69 ಡಿಗ್ರಿಯಲ್ಲಿ ನೆನೆಸಿದರೆ ಯೀಸ್ಟು ಮುಟ್ಟದ ದೊಡ್ಡ ತುಂಡುಗಳು ಉಳಿದು ಬಿಯರು ಮೈದುಂಬಿ ಬರುತ್ತದೆ. 66 ಅಥವಾ 67 ಡಿಗ್ರಿ ಎಂಬುದು ಎರಡೂ ಕಿಣ್ವಗಳು ಒಟ್ಟಿಗೆ ದುಡಿಯುವ ನಡುವಿನ ನೆಲೆ. ಮೊದಲ ಬಿಯರಿಗೆ ಅದೇ ಸಾಕು.

ಈ ಬದಲಾವಣೆಯನ್ನು ಕಣ್ಣಾರೆ ಕಾಣಬಹುದು ಎಂಬುದೇ ನನಗೆ ಈ ಕೆಲಸದಲ್ಲಿ ಅತ್ಯಂತ ಪ್ರಿಯವಾದ ಸಂಗತಿ. ನುಚ್ಚನ್ನು ಕಲಸಿದ ಕೂಡಲೇ ಹಂಡೆಯಲ್ಲಿರುವುದು ಹಿಟ್ಟು ಕದಡಿದಂತಹ ಬೆಳ್ಳನೆಯ ಗಂಜಿ. ಒಂದು ಚಮಚ ಬಾಯಿಗೆ ಹಾಕಿಕೊಂಡರೆ ಹಸಿ ಹಿಟ್ಟಿನ ರುಚಿ, ಸಿಹಿ ಎಳ್ಳಷ್ಟೂ ಇಲ್ಲ. ಕಾಲು ಗಂಟೆಯಿಂದ ಇಪ್ಪತ್ತು ನಿಮಿಷದೊಳಗೆ ಬೆಳ್ಳಗಿನ ಕದಡು ಇಳಿಯುತ್ತದೆ. ನುಚ್ಚಿನ ನಡುವೆ ನಿಂತ ನೀರು ತಿಳಿಯಾಗಿ, ಚಹಾದ ಬಣ್ಣಕ್ಕೆ ತಿರುಗಿ ಹೊಳೆಯತೊಡಗುತ್ತದೆ. ಸೌಟು ತೊಳೆಯದೆ ಇಟ್ಟರೆ ಹಿಡಿ ಬೆರಳಿಗೆ ಅಂಟುತ್ತದೆ. ಆಗ ರುಚಿ ನೋಡಿದರೆ ಜೇನು ಬೆರೆಸಿದ ಬಿಸಿನೀರಿನಂತೆ ಸಿಹಿ. ಅನುಮಾನವಿದ್ದರೆ ಬಿಳಿ ತಟ್ಟೆಯ ಮೇಲೆ ಆ ನೀರಿನ ಕೆಲವು ಹನಿ ಹಾಕಿ ಒಂದು ಹನಿ ಅಯೋಡಿನ್ ಸೇರಿಸಬಹುದು. ಕಪ್ಪು ನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಉಳಿದಿದೆ ಎಂದರ್ಥ. ಅಯೋಡಿನ್ನಿನ ಬಣ್ಣವೇ ಉಳಿದರೆ ಕೆಲಸ ಆಗಿದೆ. ಹೊಟ್ಟಿನ ಚೂರುಗಳು ಹೇಗಿದ್ದರೂ ಕಪ್ಪಾಗುವುದರಿಂದ ತಿಳಿನೀರನ್ನಷ್ಟೇ ಪರೀಕ್ಷಿಸಬೇಕು, ಪರೀಕ್ಷಿಸಿದ್ದನ್ನು ಚೆಲ್ಲಿಬಿಡಬೇಕು.

ಈಗಿನ ಮಾಲ್ಟ್ ಅರ್ಧ ಗಂಟೆಯಲ್ಲಿ ಪರಿವರ್ತನೆ ಮುಗಿಸುವುದು ಸಾಮಾನ್ಯ. ಆದರೂ ಪೂರ್ತಿ ಒಂದು ಗಂಟೆ ಬಿಡುವುದು ಒಳ್ಳೆಯದು, ಏಕೆಂದರೆ ಉಳಿದ ಹೊತ್ತಿನಲ್ಲಿ ದೊಡ್ಡ ತುಂಡುಗಳು ಮತ್ತಷ್ಟು ಒಡೆಯುತ್ತವೆ.

ಚೀಲದ ದಾರಿ

ಒಂದೇ ದೊಡ್ಡ ಹಂಡೆ, ಅದರ ಒಳಮೈಗೆ ಹೊಂದುವ ತೆಳು ಜಾಳಿಗೆಯ ಪಾಲಿಯೆಸ್ಟರ್ ಅಥವಾ ನೈಲಾನ್ ಚೀಲ. ಬೇಕಾದ ನೀರನ್ನೆಲ್ಲ ಒಮ್ಮೆಗೇ ಕಾಯಿಸಿ, ಚೀಲವನ್ನು ಹಂಡೆಯೊಳಗೆ ಇಳಿಬಿಟ್ಟು, ನುಚ್ಚನ್ನು ಸುರಿದು ಕಲಸಿ, ಮುಚ್ಚಳ ಮುಚ್ಚಿ ಕಂಬಳಿ ಸುತ್ತಬೇಕು. ಒಂದು ಗಂಟೆಯ ಬಳಿಕ ಚೀಲವನ್ನು ಎತ್ತಿ ಬಸಿಯಲು ಬಿಟ್ಟರೆ ಕೆಳಗೆ ಉಳಿದದ್ದೇ ವರ್ಟ್. ಅದೇ ಹಂಡೆಯನ್ನು ಒಲೆಯ ಮೇಲೆ ಕುದಿಗೆ ಏರಿಸಬಹುದು. ಎರಡು ಸಾವಿರದ ದಶಕದ ನಡುಭಾಗದಲ್ಲಿ ಆಸ್ಟ್ರೇಲಿಯಾದ ಹವ್ಯಾಸಿಗಳು ಈ ಕ್ರಮವನ್ನು ರೂಢಿಗೆ ತಂದರು. ಅಲ್ಲಿಂದ ಅದು ಎಲ್ಲೆಡೆ ಹರಡಿತು.

ಇದರ ದೊಡ್ಡ ಗುಣ ಕಡಿಮೆ ಪಾತ್ರೆಯಲ್ಲಿ ಕೆಲಸವಾಗುವುದಷ್ಟೇ ಅಲ್ಲ. ನೀರು ಹೆಚ್ಚಿರುವುದರಿಂದ ನುಚ್ಚು ಸುಲಭವಾಗಿ ಕಲಸುತ್ತದೆ, ಗಂಟು ಕಟ್ಟುವುದು ಕಡಿಮೆ. ಶಾಖ ಇಳಿದಿದ್ದರೆ ಒಲೆ ಹಚ್ಚಿ ಸರಿಪಡಿಸಬಹುದು. ಬಟ್ಟೆಯೇ ಸೋಸುವುದರಿಂದ ಬಸಿಯುವಾಗ ಕಟ್ಟಿಕೊಳ್ಳುವ ಭಯವಿಲ್ಲ, ಹಾಗಾಗಿ ನುಚ್ಚನ್ನು ಇನ್ನಷ್ಟು ಸಣ್ಣಗೆ ಒಡೆಯಬಹುದು. ಮೊದಲ ಸಲ ಮಾಡುವವರಿಗೆ ತಪ್ಪನ್ನು ತಿದ್ದಿಕೊಳ್ಳಲು ಇಷ್ಟು ಅವಕಾಶ ಕೊಡುವ ದಾರಿ ಬೇರೊಂದಿಲ್ಲ.

ಕಷ್ಟವಿರುವುದು ಭಾರದಲ್ಲಿ. ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ಲೀಟರ್ ಬಿಯರಿಗೆ, ಆರಂಭದ ಸಾಂದ್ರತೆ (ಬರಿ ನೀರನ್ನು 1.000 ಎಂದು ಹಿಡಿದು, ಕರಗಿದ ಸಕ್ಕರೆಯನ್ನು ಅಂದಾಜಿಸುವ ಅಳತೆ) 1.048ರ ಸುಮಾರಿಗೆ ಬರಬೇಕಾದರೆ, ಸುಮಾರು 4.5 ಕಿಲೋ ಮಾಲ್ಟ್ ಬೇಕು. ಒಂದು ಗಂಟೆ ಕುದಿಸಿದರೆ 4 ಲೀಟರಿನಷ್ಟು ಆವಿಯಾಗುತ್ತದೆ, ಹಂಡೆಯ ತಳದಲ್ಲಿ ಗಷ್ಟಿನೊಡನೆ ಒಂದೂವರೆ ಲೀಟರ್ ಉಳಿಯುತ್ತದೆ, ಹಿಂಡಿದ ಮೇಲೂ ನುಚ್ಚು ಕಿಲೋಗೆ 0.6 ಲೀಟರಿನಂತೆ 2.7 ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಟ್ಟು 28 ಲೀಟರ್ ನೀರಾಯಿತು. ಇದರ ಮೇಲೆ ನುಚ್ಚು ತಾನೇ 3 ಲೀಟರ್ ಜಾಗ ಹಿಡಿಯುತ್ತದೆ. ಅಂದರೆ 31 ಲೀಟರ್ ಹಿಡಿದ ಮೇಲೂ ಕಲಸಲು ಜಾಗ ಉಳಿಯುವ, 40 ಲೀಟರಿನ ಹಂಡೆ ಬೇಕು. ಎತ್ತುವ ಗಳಿಗೆಯಲ್ಲಿ ಚೀಲ 10 ಕಿಲೋಗಿಂತ ಹೆಚ್ಚು ತೂಗುತ್ತದೆ, ಸುಡುವಷ್ಟು ಬಿಸಿಯಾಗಿರುತ್ತದೆ, ಸುರಿಯುತ್ತಲೂ ಇರುತ್ತದೆ. ಮೇಲೆ ಕೊಕ್ಕೆ ಮತ್ತು ರಾಟೆ ಇಲ್ಲದೆ, ಜೊತೆಗೆ ಇನ್ನೊಬ್ಬರು ಇಲ್ಲದೆ, ಇದನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಲ್ಲುವ ಸಾಹಸ ಬೇಡ.

ಅದಕ್ಕೇ ಮೊದಲ ಸಲಕ್ಕೆ ಅರ್ಧ ಪ್ರಮಾಣ, ಅಂದರೆ ಹತ್ತು ಲೀಟರ್, ಮಾಡಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. 2.25 ಕಿಲೋ ಮಾಲ್ಟ್, ಸುಮಾರು 15 ಲೀಟರ್ ನೀರು, 25 ಲೀಟರಿನ ಹಂಡೆ. ಚೀಲವನ್ನು ಒಬ್ಬರೇ ಎತ್ತಿ, ಹಂಡೆಯ ಬಾಯಿಗೆ ಅಡ್ಡಲಾಗಿ ಇಟ್ಟ ಜರಡಿಯ ಮೇಲೆ ಕೂರಿಸಿ, ದಪ್ಪ ರಬ್ಬರ್ ಕೈಗವಸು ಹಾಕಿಕೊಂಡು ಹಿಂಡಬಹುದು. ಅಡುಗೆಮನೆಯ ಸಾಮಾನ್ಯ ಒಲೆಯಲ್ಲೇ ಇದು ಕುದಿಯುತ್ತದೆ. 28 ಲೀಟರನ್ನು ಕುದಿಸಲು ಹಲವು ಒಲೆಗಳಿಗೆ ಶಕ್ತಿ ಸಾಲದು. ಸಣ್ಣ ಹಂಡೆಯ ಶಾಖ ಮಾತ್ರ ಬೇಗ ಇಳಿಯುತ್ತದೆ, ಆದ್ದರಿಂದ ಸುತ್ತುವ ಕಂಬಳಿ ದಪ್ಪವಾಗಿರಲಿ. ನಡುವೆ ಒಲೆ ಹಚ್ಚುವುದಿದ್ದರೆ ಚೀಲದ ತಳ ಹಂಡೆಗೆ ತಾಗದಂತೆ ಕೆಳಗೆ ಒಂದು ಸ್ಟೀಲ್ ಜರಡಿ ಇರಿಸಬೇಕು, ಇಲ್ಲವಾದರೆ ಚೀಲ ಕರಗುತ್ತದೆ ಅಥವಾ ನುಚ್ಚು ತಳ ಹಿಡಿದು ಸೀದ ವಾಸನೆ ಬಿಯರಿನ ಕೊನೆಯ ಗುಟುಕಿನವರೆಗೂ ಉಳಿಯುತ್ತದೆ.

ಚೀಲವನ್ನು ಹಿಂಡಿದರೆ ಒಗರು ಇಳಿಯುತ್ತದೆ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಹೊಟ್ಟಿನಿಂದ ಒಗರಿನ ಅಂಶವಾದ ಟ್ಯಾನಿನ್ ಇಳಿಯಲು ಕಾರಣವಾಗುವುದು ಅತಿಯಾದ ಶಾಖ ಮತ್ತು ನೀರಿನ ಪಿಎಚ್ (ಆಮ್ಲ, ಕ್ಷಾರಗಳ ಅಳತೆ) 6ರ ಮೇಲೇರುವುದು, ಕೈಯ ಒತ್ತಡವಲ್ಲ. ಧೈರ್ಯವಾಗಿ ಹಿಂಡಿ.

ಐಸ್ ಬಾಕ್ಸಿನ ದಾರಿ

ತಣ್ಣಗಿನದನ್ನು ತಣ್ಣಗೆ ಇಡುವ ಪೆಟ್ಟಿಗೆ ಬಿಸಿಯನ್ನೂ ಅಷ್ಟೇ ಚೆನ್ನಾಗಿ ಕಾಯುತ್ತದೆ. 30 ಲೀಟರಿನ ಐಸ್ ಬಾಕ್ಸಿಗೆ ಕೆಳಗೆ ನಲ್ಲಿ ಕೂರಿಸಿ, ಒಳಗೆ ತೂತುಗಳ ತಟ್ಟೆಯನ್ನೋ ಸ್ಟೀಲ್ ಜಾಳಿಗೆಯ ಕೊಳವೆಯನ್ನೋ ಜೋಡಿಸಿದರೆ ಮ್ಯಾಶಿನ ಪಾತ್ರೆ ಸಿದ್ಧ. ಮೊದಲು ಬಿಸಿನೀರು ಹಾಕಿ ಪೆಟ್ಟಿಗೆಯನ್ನು ಕಾಯಿಸಿಕೊಂಡರೆ ಒಂದು ಗಂಟೆಯಲ್ಲಿ ಇಳಿಯುವ ಶಾಖ ಒಂದೆರಡು ಡಿಗ್ರಿ ಮಾತ್ರ. ಇಲ್ಲಿ ನುಚ್ಚನ್ನು ಎತ್ತಬೇಕಾಗಿಲ್ಲ. ನಲ್ಲಿ ತಿರುಗಿಸಿದರೆ ವರ್ಟ್ ತಾನಾಗಿ ಬಸಿಯುತ್ತದೆ. ಇಪ್ಪತ್ತು ಲೀಟರನ್ನೇ ಮಾಡಬೇಕು, ಆದರೆ ಭಾರ ಎತ್ತಲು ಬೆನ್ನು ಒಪ್ಪುವುದಿಲ್ಲ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ.

ಆದರೆ ಪೆಟ್ಟಿಗೆಯಲ್ಲಿ ಒಲೆಯ ನೆರವಿಲ್ಲ. ನೀರು ಸುರಿದು ಕಲಸಿದಾಗ ಸಿಕ್ಕ ಶಾಖವೇ ಶಾಖ. ಹೆಚ್ಚು ಕಡಿಮೆಯಾದರೆ ಕುದಿನೀರನ್ನೋ ತಣ್ಣೀರನ್ನೋ ಸೇರಿಸಿ ಸರಿದೂಗಿಸಬೇಕು. ಆದ್ದರಿಂದ ಸುರಿಯುವ ನೀರಿನ ಶಾಖದ ಲೆಕ್ಕ ಇಲ್ಲಿ ಪಕ್ಕಾ ಇರಬೇಕು. ಲೆಕ್ಕ ಸುಲಭ: ಬೇಕಾದ ಶಾಖದಿಂದ ನುಚ್ಚಿನ ಶಾಖವನ್ನು ಕಳೆಯಿರಿ, ಬಂದದ್ದನ್ನು 0.41ರಿಂದ ಗುಣಿಸಿ, ಕಿಲೋಗೆ ಎಷ್ಟು ಲೀಟರ್ ನೀರೋ ಆ ಸಂಖ್ಯೆಯಿಂದ ಭಾಗಿಸಿ. ಅದನ್ನು ಬೇಕಾದ ಶಾಖಕ್ಕೆ ಕೂಡಿಸಿ. ನುಚ್ಚು 25 ಡಿಗ್ರಿಯಲ್ಲಿದ್ದು, 67 ಡಿಗ್ರಿ ಬೇಕಿದ್ದು, 4.5 ಕಿಲೋಗೆ 15 ಲೀಟರ್ ನೀರಾದರೆ, ಸುರಿಯುವ ನೀರು 72 ಡಿಗ್ರಿ ಇರಬೇಕಾಗುತ್ತದೆ. ಅದೇ ನುಚ್ಚಿಗೆ ಚೀಲದ ಕ್ರಮದಲ್ಲಿ 28 ಲೀಟರ್ ನೀರಿದ್ದರೆ 70 ಡಿಗ್ರಿ ಸಾಕು, ಏಕೆಂದರೆ ನೀರು ಹೆಚ್ಚಿದ್ದಷ್ಟೂ ನುಚ್ಚು ಅದನ್ನು ತಣಿಸುವುದು ಕಡಿಮೆ. ಪೆಟ್ಟಿಗೆಯನ್ನು ಮುಂಚಿತವಾಗಿ ಕಾಯಿಸಿರದಿದ್ದರೆ ಈ ಲೆಕ್ಕ ತಪ್ಪುತ್ತದೆ.

ಪೆಟ್ಟಿಗೆಯ ಇನ್ನೊಂದು ತೊಡಕು ಬಸಿಯುವಾಗ ಕಟ್ಟಿಕೊಳ್ಳುವುದು. ಇಲ್ಲಿ ಸೋಸುವುದು ಜಾಳಿಗೆಯಲ್ಲ. ಬಾರ್ಲಿಯ ಹೊಟ್ಟೇ ಒಂದರ ಮೇಲೊಂದು ಕುಳಿತು ಜರಡಿಯಾಗುತ್ತದೆ, ಕೆಳಗಿನ ಜಾಳಿಗೆ ಆ ಹೊಟ್ಟಿಗೆ ಆಸರೆ ಮಾತ್ರ. ಗೋಧಿಗೆ ಹೊಟ್ಟಿಲ್ಲ. ನಾನು ಒಮ್ಮೆ ಅರ್ಧಕ್ಕರ್ಧ ಗೋಧಿ ಮಾಲ್ಟ್ ಬೆರೆಸಿ, ನಲ್ಲಿಯನ್ನು ಒಂದೇ ಸಲಕ್ಕೆ ಪೂರ್ತಿ ತಿರುಗಿಸಿದೆ. ಎರಡು ಲೀಟರ್ ರಭಸದಿಂದ ಬಂತು, ಧಾರೆ ದಾರದಂತಾಯಿತು, ಹನಿಯಾಯಿತು, ನಿಂತಿತು. ಹೀಗಾದಾಗ ನಲ್ಲಿ ಮುಚ್ಚಿ, ಇಡೀ ನುಚ್ಚನ್ನು ಬುಡದವರೆಗೆ ಕಲಸಿ, ಸ್ವಲ್ಪ ಬಿಸಿನೀರು ಸೇರಿಸಿ, ಹತ್ತು ನಿಮಿಷ ಕೂರಲು ಬಿಟ್ಟು, ಆಮೇಲೆ ನಲ್ಲಿಯನ್ನು ಅರೆಬರೆ ತೆರೆಯಬೇಕು. ಗೋಧಿ ಅಥವಾ ಓಟ್ಸ್ ಹೆಚ್ಚು ಬಳಸುವಾಗ ತೊಳೆದ ಭತ್ತದ ಹೊಟ್ಟನ್ನು ಹಿಡಿ ಹಿಡಿಯಾಗಿ ಬೆರೆಸಿಕೊಂಡರೆ ಈ ಪ್ರಸಂಗ ಬರುವುದೇ ಅಪರೂಪ. ಮೊದಲ ಬಿಯರಿಗಂತೂ ಬರಿಯ ಬಾರ್ಲಿ ಮಾಲ್ಟನ್ನೇ ನೆಚ್ಚಿಕೊಳ್ಳುವುದು ಕ್ಷೇಮ.

ಯಂತ್ರದ ದಾರಿ

ಒಂದೇ ಸ್ಟೀಲ್ ಹಂಡೆಯ ತಳದಲ್ಲಿ ಹೀಟರ್, ಒಳಗೆ ನುಚ್ಚಿನ ಬುಟ್ಟಿ, ವರ್ಟನ್ನು ಕೆಳಗಿನಿಂದ ಮೇಲಕ್ಕೆ ಸುರಿಯುತ್ತಿರುವ ಪಂಪು, ಶಾಖ ನಿಯಂತ್ರಿಸುವ ಫಲಕ: ಇದು ಆಲ್-ಇನ್-ಒನ್ ಯಂತ್ರ. ಗ್ರೇನ್‌ಫಾದರ್, ಬ್ರೂಜಿಲ್ಲಾ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಶಾಖವನ್ನು ಅಂಕಿ ಒತ್ತಿ ನಿಗದಿಪಡಿಸಬಹುದು, ಹಂತ ಹಂತವಾಗಿ ಏರಿಸಬಹುದು, ಬುಟ್ಟಿಯನ್ನು ಎತ್ತಿ ಹಂಡೆಯ ಅಂಚಿನ ಮೇಲೆಯೇ ಕೂರಿಸಬಹುದು. ತಿಂಗಳಿಗೊಮ್ಮೆಯಾದರೂ ಬಿಯರ್ ಮಾಡುವೆನೆಂಬ ಖಾತ್ರಿ ಇರುವವರಿಗೆ ಇದು ಒಳ್ಳೆಯ ಹೂಡಿಕೆ.

ಮೊದಲ ಸಲಕ್ಕೇ ಕೊಳ್ಳಬೇಡಿ ಎನ್ನಲು ನನಗಿರುವ ಕಾರಣ ಬೆಲೆಯೊಂದೇ ಅಲ್ಲ. ಫಲಕದಲ್ಲಿ ಕಾಣುವ ಅಂಕಿ ತಳದ ವರ್ಟಿನದು. ನುಚ್ಚಿನ ನಡುವಿನ ಶಾಖ ಅದಕ್ಕಿಂತ ಕಡಿಮೆ ಇರಬಹುದು. ಪಂಪು ಜೋರಾದರೆ ನುಚ್ಚು ಒತ್ತಿಕೊಂಡು ವರ್ಟ್ ಮೇಲೆಯೇ ನಿಂತುಬಿಡುತ್ತದೆ, ಕೆಳಗೆ ಬರಿದಾದ ಹೀಟರ್ ಸೀಯಿಸುತ್ತದೆ. ಮ್ಯಾಶ್ ಹೇಗೆ ವರ್ತಿಸುತ್ತದೆ ಎಂದು ಒಮ್ಮೆ ಕೈಯಾರೆ ಕಲಸಿ ಬಲ್ಲವರು ಇದನ್ನು ಕೂಡಲೇ ಗುರುತಿಸುತ್ತಾರೆ. ಅಂಕಿಯನ್ನಷ್ಟೇ ನಂಬಿದವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಅಲ್ಲದೆ ಇವುಗಳಲ್ಲಿ ಬಹುಪಾಲು 2000 ವ್ಯಾಟಿನ ಆಸುಪಾಸಿನ ಅಥವಾ ಅದಕ್ಕೂ ಮೀರಿದ ಹೀಟರ್ ಹೊಂದಿರುವುದರಿಂದ, ಮನೆಯ ವೈರಿಂಗು ಆ ಹೊರೆಯನ್ನು ಗಂಟೆಗಟ್ಟಲೆ ತಾಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ತೊಳೆಯುವುದೋ, ಬಿಡುವುದೋ

ಬಸಿದ ಮೇಲೂ ನುಚ್ಚಿನಲ್ಲಿ ಸಕ್ಕರೆ ಅಂಟಿಕೊಂಡಿರುತ್ತದೆ. ಅದನ್ನು ಬಿಸಿನೀರಿನಿಂದ ಇಳಿಸುವುದಕ್ಕೆ ಸ್ಪಾರ್ಜಿಂಗ್ ಎನ್ನುತ್ತಾರೆ. ಚೀಲದ ಕ್ರಮದಲ್ಲಿ ನೀರೆಲ್ಲ ಮೊದಲೇ ಸೇರಿರುವುದರಿಂದ ಇದರ ಅಗತ್ಯವಿಲ್ಲ. ಹಂಡೆ ಚಿಕ್ಕದಾಗಿದ್ದರೆ ಮಾತ್ರ ಎರಡು ಮೂರು ಲೀಟರ್ ಬಿಸಿನೀರನ್ನು ಉಳಿಸಿಕೊಂಡು ಎತ್ತಿದ ಚೀಲದ ಮೇಲೆ ಸುರಿಯಬಹುದು. ಪೆಟ್ಟಿಗೆಯಲ್ಲಿ ಎರಡು ಬಗೆ. ಒಂದರಲ್ಲಿ ಮೊದಲ ವರ್ಟನ್ನು ಪೂರ್ತಿ ಬಸಿದು, ತೊಳೆನೀರನ್ನು ಒಮ್ಮೆಗೇ ಸುರಿದು ಕಲಸಿ, ಮತ್ತೆ ಬಸಿಯುತ್ತಾರೆ. ಇನ್ನೊಂದರಲ್ಲಿ ನುಚ್ಚಿನ ಮೇಲೆ ಎರಡು ಬೆರಳು ನೀರು ಸದಾ ನಿಲ್ಲುವಂತೆ ಮೇಲಿನಿಂದ ನಿಧಾನವಾಗಿ ಚಿಮುಕಿಸುತ್ತಾ, ಕೆಳಗಿನಿಂದ ಅಷ್ಟೇ ನಿಧಾನವಾಗಿ ಬಸಿಯುತ್ತಾ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕಳೆಯುತ್ತಾರೆ. ಎರಡನೆಯದರಲ್ಲಿ ಸಕ್ಕರೆ ಸ್ವಲ್ಪ ಹೆಚ್ಚು ಸಿಗುತ್ತದೆಯಾದರೂ, ನೀರು ನುಚ್ಚಿನಲ್ಲಿ ಒಂದೇ ಕಡೆ ದಾರಿ ಮಾಡಿಕೊಂಡು ಇಳಿದರೆ ಆ ಲಾಭವೂ ಹೋಗುತ್ತದೆ, ಕೊನೆಕೊನೆಗೆ ಒಗರು ಇಳಿಯುವ ಅಪಾಯವೂ ಇದೆ. ಮೊದಲ ಸಲಕ್ಕೆ ಒಮ್ಮೆಗೇ ಸುರಿದು ಕಲಸುವ ಬಗೆಯೇ ಸರಿ. ಮೇಲೆ ಹೇಳಿದ 4.5 ಕಿಲೋ ಲೆಕ್ಕದಲ್ಲಿ 15 ಲೀಟರಿನಲ್ಲಿ ನೆನೆಸಿದರೆ, ನುಚ್ಚು ಕಿಲೋಗೆ ಒಂದು ಲೀಟರಿನಂತೆ ಹೀರಿ ಹತ್ತೂವರೆ ಲೀಟರ್ ಹೊರಬರುತ್ತದೆ; ಮತ್ತೆ 15 ಲೀಟರ್ ಸುರಿದರೆ ಅಷ್ಟೂ ಬರುತ್ತದೆ; ಒಟ್ಟು 25.5 ಲೀಟರ್ ಕುದಿಗೆ ಸಿದ್ಧ. ತೊಳೆನೀರು 76 ಡಿಗ್ರಿಯನ್ನು ಮೀರದಿರಲಿ. ಪ್ರತಿ ಸಲ ಬಸಿಯುವಾಗಲೂ ಮೊದಲು ಬರುವ ಎರಡು ಮೂರು ಲೀಟರ್ ಕದಡಿರುತ್ತದೆ; ಅದನ್ನು ಮೆಲ್ಲನೆ ನುಚ್ಚಿನ ಮೇಲೆಯೇ ಮರಳಿ ಸುರಿದು, ತಿಳಿಯಾದ ಮೇಲೆ ಹಂಡೆಗೆ ಹಿಡಿಯಬೇಕು.

ಈ ಕ್ರಮಗಳ ನಡುವೆ ಸಿಗುವ ಸಕ್ಕರೆಯ ಅಂತರದ ಬಗ್ಗೆ ಬಹಳ ಚರ್ಚೆಯಾಗುತ್ತದೆ. ತೊಳೆಯದ ಕ್ರಮದಲ್ಲಿ ನುಚ್ಚಿನಿಂದ ಶೇಕಡ 65 ಸಿಕ್ಕಿತು, ಚೆನ್ನಾಗಿ ತೊಳೆದದ್ದರಲ್ಲಿ ಶೇಕಡ 75 ಸಿಕ್ಕಿತು ಎಂದು ಇಟ್ಟುಕೊಳ್ಳಿ. ಇಪ್ಪತ್ತು ಲೀಟರಿನ ಅದೇ ಬಿಯರಿಗೆ ಮೊದಲನೆಯದರಲ್ಲಿ 4.9 ಕಿಲೋ ಮಾಲ್ಟ್ ಬೇಕು, ಎರಡನೆಯದರಲ್ಲಿ 4.3 ಕಿಲೋ. ವ್ಯತ್ಯಾಸ ಆರು ನೂರು ಗ್ರಾಂ ಚಿಲ್ಲರೆ. ಕಾರ್ಖಾನೆಗೆ ಅದು ದೊಡ್ಡ ನಷ್ಟ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಅದು ಒಂದು ಗಂಟೆಯ ಬಿಡುವಿನ ಬೆಲೆ. ಇದಕ್ಕೆಂದು ಪಾತ್ರೆಯ ಆಯ್ಕೆಯನ್ನು ಬದಲಿಸಬೇಕಾಗಿಲ್ಲ.

ಒಂದೇ ಶಾಖವೋ, ಹಂತಗಳೋ

ಹಳೆಯ ಪಾಕವಿಧಾನಗಳಲ್ಲಿ 50 ಡಿಗ್ರಿಯ ಬಳಿ ಒಂದು ತಂಗುದಾಣ, 62ರಲ್ಲಿ ಒಂದು, 72ರಲ್ಲಿ ಇನ್ನೊಂದು ಎಂದು ಬರೆದಿರುತ್ತದೆ. ಮಧ್ಯ ಯುರೋಪಿನ ಕ್ರಮದಲ್ಲಂತೂ ಮ್ಯಾಶಿನ ಮೂರನೆಯ ಒಂದು ಪಾಲನ್ನು ತೆಗೆದು ಬೇರೆ ಹಂಡೆಯಲ್ಲಿ ಕುದಿಸಿ ಮರಳಿ ಸೇರಿಸಿ, ಒಟ್ಟು ಶಾಖವನ್ನು ಮುಂದಿನ ಹಂತಕ್ಕೆ ಏರಿಸುತ್ತಾರೆ. ಇದಕ್ಕೆ ಡಿಕಾಕ್ಷನ್ ಎಂದು ಹೆಸರು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಇದು ಬಹಳ ಜಾಣತನದ ಉಪಾಯವಾಗಿತ್ತು, ಏಕೆಂದರೆ ಕುದಿಯುವ ಬಿಂದು ಅಳತೆಯಿಲ್ಲದೆಯೂ ಗೊತ್ತಾಗುತ್ತದೆ. ಎಷ್ಟು ಪಾಲು ಕುದಿಸಬೇಕೆಂಬುದು ಗೊತ್ತಿದ್ದರೆ ಸಾಕು. ಈಗಿನ ಚೆಕ್ ದೇಶದ ಪಿಲ್ಸೆನ್ ನಗರದಲ್ಲಿ 1842ರಲ್ಲಿ ಜೋಸೆಫ್ ಗ್ರೋಲ್ ಮೊದಲ ಹೊಂಬಣ್ಣದ ಲಾಗರನ್ನು, ಅಂದರೆ ತಂಪಿನಲ್ಲಿ ಹುದುಗಿಸುವ ಬಿಯರನ್ನು, ತಯಾರಿಸಿದರು. ಆ ಬಿಯರಾದ ಪಿಲ್ಸ್ನರ್ ಉರ್ಕೆಲನ್ನು ಇಂದಿಗೂ ಮೂರು ಸಲ ಡಿಕಾಕ್ಷನ್ ಮಾಡಿಯೇ ತಯಾರಿಸುತ್ತಾರೆ. ಆ ಪರಂಪರೆಯ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಇಂದಿನ ಮಾಲ್ಟ್ ಕಾರ್ಖಾನೆಯಲ್ಲೇ ಪೂರ್ಣವಾಗಿ ಹದಗೊಂಡು ಬರುವುದರಿಂದ ಪ್ರೋಟೀನು ಒಡೆಯಲೆಂದು ಇಡುವ 50 ಡಿಗ್ರಿಯ ಹಂತದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಒಂದೇ ಶಾಖ, ಒಂದೇ ಗಂಟೆ: ಮೊದಲ ಬಿಯರಿಗೆ ಇದರಿಂದಾಚೆಗೆ ಹೋಗಬೇಡಿ. ಮೊಳಕೆ ಬರಿಸದ ಅಕ್ಕಿ, ಜೋಳಗಳನ್ನು ನೇರವಾಗಿ ಮ್ಯಾಶಿಗೆ ಹಾಕುವುದೂ ಈಗ ಬೇಡ. ಅವುಗಳ ಪಿಷ್ಟ ಸಡಿಲಗೊಳ್ಳಲು ಮೊದಲು ಬೇಯಿಸಬೇಕಾಗುತ್ತದೆ.

ಪಾತ್ರೆಗಿಂತ ಮುಖ್ಯವಾದವು

ನನ್ನ ಮೊದಲ ಮ್ಯಾಶಿಗೆ ಮುಳ್ಳಿನ ಥರ್ಮಾಮೀಟರ್ ಬಳಸಿದ್ದೆ. ಅದು 67 ಎಂದು ತೋರಿಸಿತು. ನಾನು ನಿಶ್ಚಿಂತನಾಗಿ ಕಂಬಳಿ ಹೊದಿಸಿದೆ. ಬಿಯರು 1.020ಕ್ಕೆ ಬಂದು ಹುದುಗುವುದನ್ನು ನಿಲ್ಲಿಸಿತು. ಕುಡಿದರೆ ಭಾರ, ಸಿಹಿ. ವಾರಗಳ ನಂತರ ಆ ಥರ್ಮಾಮೀಟರನ್ನು ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ಇಳಿಸಿ ನೋಡಿದಾಗ ಅದು ನಾಲ್ಕು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಅಂದರೆ ಮ್ಯಾಶ್ 71ರಲ್ಲಿ ನಡೆದಿತ್ತು, ಬೀಟಾ ಅಮೈಲೇಸ್ ಕೆಲಸ ಹಿಡಿಯುವ ಮೊದಲೇ ಸತ್ತಿತ್ತು. ಮಂಜುಗಡ್ಡೆಯ ನೀರಿನಲ್ಲಿ ಸೊನ್ನೆ, ಕುದಿನೀರಿನಲ್ಲಿ ನೂರು ತೋರಿಸುತ್ತದೆಯೇ ಎಂಬ ಪರೀಕ್ಷೆಗೆ ಐದು ನಿಮಿಷ ಸಾಕು. ಎತ್ತರದ ಪ್ರದೇಶದಲ್ಲಿರುವವರು ಪ್ರತಿ 300 ಮೀಟರಿಗೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. ಅಳೆಯುವಾಗಲೂ ಒಂದೇ ಕಡೆ ನೋಡದೆ, ಚೆನ್ನಾಗಿ ಕಲಸಿ, ನಡುವೆ ಮತ್ತು ಅಂಚಿನಲ್ಲಿ ನೋಡಬೇಕು.

ಎರಡನೆಯದು ನುಚ್ಚಿನ ಹದ. ಒಡೆದ ಮಾಲ್ಟನ್ನು ಅಂಗೈಯಲ್ಲಿ ಹರಡಿ ನೋಡಿ. ಇಡೀ ಕಾಳು ಒಂದೂ ಉಳಿದಿರಬಾರದು. ಒಳಗಿನ ಬಿಳಿ ತಿರುಳು ನಾಲ್ಕಾರು ಚೂರಾಗಿರಬೇಕು. ಹೊಟ್ಟು ಮಾತ್ರ ಸೀಳಿದ್ದರೂ ಪುಡಿಯಾಗಿರಬಾರದು. ಐಸ್ ಬಾಕ್ಸಿಗಾದರೆ ಗಿರಣಿಯ ಉರುಳೆಗಳ ನಡುವಿನ ಅಂತರ ಒಂದು ಮಿಲಿಮೀಟರಿನ ಸುಮಾರು ಇರಲಿ, ಚೀಲಕ್ಕಾದರೆ 0.7 ಮಿಲಿಮೀಟರಿಗೆ ಇಳಿಸಬಹುದು. ಗಿರಣಿ ಇಲ್ಲದವರು ಮಾರುವವರಿಂದಲೇ ಒಡೆಸಿ ತರಬಹುದು. ಚೀಲದ ಕ್ರಮಕ್ಕೆಂದು ಹೇಳಿದರೆ ಇನ್ನೊಮ್ಮೆ ಗಿರಣಿಗೆ ಹಾಕಿಕೊಡುತ್ತಾರೆಯೇ ಎಂದು ಕೇಳಿನೋಡಿ.

ನೀರಿನ ಬಗ್ಗೆ ಹೇಳುವುದು ಬಹಳವಿದ್ದರೂ ಮೊದಲ ಸಲಕ್ಕೆ ಎರಡೇ ಮಾತು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಅಥವಾ ಕ್ಲೋರಮೀನ್ ಇದ್ದರೆ ಬಿಯರಿಗೆ ಔಷಧಿಯ ವಾಸನೆ ಬರುತ್ತದೆ. ಕ್ಲೋರಿನ್ ನೀಗಿಸುವ ಕ್ಯಾಂಪ್ಡನ್ ಎಂಬ ಸಲ್ಫೈಟ್ ಮಾತ್ರೆಯ ಅರ್ಧ ಭಾಗವನ್ನು ಪುಡಿ ಮಾಡಿ ಕಲಸಿದರೆ ಮೂವತ್ತು ಲೀಟರಿಗೆ ಧಾರಾಳವಾಯಿತು. ಮ್ಯಾಶಿನ ಪಿಎಚ್ 5.2ರಿಂದ 5.6ರೊಳಗೆ ಇರಬೇಕು. ಗಡಸು ಮತ್ತು ಕ್ಷಾರೀಯ ನೀರು ಅದನ್ನು ಮೇಲೇರಿಸುತ್ತದೆ, ಹುರಿದ ಕಪ್ಪು ಮಾಲ್ಟ್ ಕೆಳಗಿಳಿಸುತ್ತದೆ. ಆದ್ದರಿಂದ ನಿಮ್ಮ ನೀರು ಪಾತ್ರೆಗಳಲ್ಲಿ ಬಿಳಿ ಕರೆ ಕಟ್ಟುವಂತಹದಾಗಿದ್ದರೆ, ತೆಳು ಹಳದಿಯ ಬಿಯರಿಗಿಂತ ಕಂದು ಬಣ್ಣದ್ದನ್ನು ಮೊದಲಿಗೆ ಆರಿಸಿಕೊಳ್ಳಿ. ಆಮ್ಲ ಸೇರಿಸುವ ಗೊಡವೆಯಿಲ್ಲದೆ ಮ್ಯಾಶ್ ಹದಕ್ಕೆ ಬರುತ್ತದೆ.

ಮ್ಯಾಶಿನ ಪಾತ್ರೆ, ಸೌಟು, ಚೀಲಗಳು ಸ್ವಚ್ಛವಾಗಿದ್ದರೆ ಸಾಕು. ಮುಂದೆ ಎಲ್ಲವೂ ಕುದಿಯುವುದರಿಂದ ಅವಕ್ಕೆ ಕ್ರಿಮಿನಾಶಕ ಬೇಕಾಗಿಲ್ಲ. ಕುದಿ ನಿಂತ ಬಳಿಕ ವರ್ಟಿಗೆ ತಾಗುವ ಪ್ರತಿಯೊಂದಕ್ಕೂ ಬೇಕು.

ಹತ್ತು ಲೀಟರ್ ಚೀಲದ ಬಿಯರ್ ಮಾಡಿದ ಮೇಲೆ ಮುಂದೆ ಯಾವ ದಾರಿ ಎಂಬುದನ್ನು ನಿಮ್ಮ ಟಿಪ್ಪಣಿಯೇ ಹೇಳುತ್ತದೆ. ಕಲಸಿದ ಕೂಡಲೇ ಇದ್ದ ಶಾಖ, ಗಂಟೆಯ ಕೊನೆಯ ಶಾಖ, ಕುದಿಗೆ ಮುನ್ನ ಸಿಕ್ಕ ಲೀಟರ್, ಆಗಿನ ಸಾಂದ್ರತೆ ಈ ನಾಲ್ಕನ್ನು ಬರೆದಿಡಿ. ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಅಂಕಿ ನೋಡುವ ಮುನ್ನ ವರ್ಟನ್ನು ತಣಿಸಿಕೊಳ್ಳಿ, ಬಿಸಿಯಲ್ಲಿ ಅದು ಕಡಿಮೆ ತೋರಿಸುತ್ತದೆ. ಸಾಂದ್ರತೆ ಮಾತ್ರ ಕಡಿಮೆ ಬಂದಿದ್ದರೆ ಪಾತ್ರೆ ಬದಲಿಸದೆ ನುಚ್ಚನ್ನು ಇನ್ನೂ ಸಣ್ಣಗೆ ಒಡೆಸಿ. ಶಾಖ ನಾಲ್ಕೈದು ಡಿಗ್ರಿ ಇಳಿದಿದ್ದರೆ ಕಂಬಳಿ ಹೆಚ್ಚಿಸಿ. ಅದರಿಂದಲೂ ಆಗದಿದ್ದರೆ ಐಸ್ ಬಾಕ್ಸ್ ನೋಡಿ. ಅಂಕಿಗಳೆಲ್ಲ ಸರಿಯಿದ್ದು, ಹತ್ತು ಲೀಟರ್ ಎರಡೇ ವಾರಕ್ಕೆ ಮುಗಿದುಹೋಯಿತು ಎನ್ನುವುದೊಂದೇ ಕೊರತೆಯಾಗಿದ್ದರೆ, ಮೇಲ್ಛಾವಣಿಗೆ ಗಟ್ಟಿಯಾದ ಕೊಕ್ಕೆಯೊಂದನ್ನು ಹಾಕಿಸಿ, ರಾಟೆ ಕಟ್ಟಿ, 40 ಲೀಟರಿನ ಹಂಡೆ ತನ್ನಿ.